ಬಣ್ಣ ಬಿಟ್ಟ ನೀಲಿ ಜಿರ್ಕಾನ್

ಮೇಡಂ ಆ ಎರಡು ಕಲ್ಲುಗಳನ್ನು ಎರಡು ಬೇರೆ ಬೇರೆ ಕುಂಕುಮದ ಡಬ್ಬಿಗಳಲ್ಲಿ, ಹತ್ತಿಯ ಮೇಲೆ ಮಲಗಿಸಿ ತಂದಿದ್ದರು. ಅದನ್ನು ನೋಡಿದಾಗಲೇ ನನಗೆ ಅವರ ಮೇಲೆ ಗೌರವ ಬಂತು. ಜಿರ್ಕಾನ್ ಕಲ್ಲಿನ ಅಂಚು ಬಹಳ ನಾಜೂಕು. ಎರಡನ್ನು ಒಂದೇ ಪೊಟ್ಟಣದಲ್ಲಿ ಹಾಕಿಕೊಂಡು ನಾಲ್ಕು ದಿನ ಓಡಾಡಿದರೆ ಸಾಕು, ಒಂದನ್ನೊಂದು ತಿಕ್ಕಿಕೊಂಡು ಅಂಚೆಲ್ಲ ಸವೆದು ಮಂಕಾಗುತ್ತವೆ. ಒಡವೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ತಲೆ ನರೆತವರಿಗೂ ಇದು ಗೊತ್ತಿರುವುದಿಲ್ಲ.

ಅವರು ವೇಲಚೇರಿಯವರು, ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟು ನಿವೃತ್ತರಾದವರು. ಅವರ ಮನೆತನ ಮೈಸೂರಿನ ಕಡೆಯದು, ನಮ್ಮದು ಗದಗಿನ ಕಡೆಯದು. ಚೆನ್ನೈಯಲ್ಲಿ ಇಬ್ಬರು ಕನ್ನಡದವರು ಸಿಕ್ಕರೆ ಮೊದಲ ಹತ್ತು ನಿಮಿಷ ಒಬ್ಬರ ಕನ್ನಡವನ್ನು ಇನ್ನೊಬ್ಬರು ಅಣಕಿಸುವುದರಲ್ಲೇ ಹೋಗುತ್ತದೆ. ಪೆರಂಬೂರಿನ ನನ್ನ ಕೆಲಸದ ಕೋಣೆಯಲ್ಲಿ ನಮ್ಮದೂ ಹಾಗೇ ಹೋಯಿತು. ಆಮೇಲೆ ಅವರು ಡಬ್ಬಿ ತೆರೆದರು.

"ನಾನು ಕೂಡಿಡೋದು ಜಿರ್ಕಾನ್ ಒಂದನ್ನೇ ಕಣಮ್ಮ. ನಮ್ ಬೀಗಿತ್ತಿ ಏನಂದ್ಲು ಗೊತ್ತಾ? ಓ, ಅಮೆರಿಕನ್ ಡೈಮಂಡಾ ಅಂದ್ಲು. ಅವತ್ತಿಂದ ಅವಳಿಗೆ ಎರಡನೇ ಲೋಟ ಕಾಫಿ ಕೊಡೋದೇ ನಿಲ್ಲಿಸ್ಬಿಟ್ಟಿದೀನಿ."

ಬೀಗಿತ್ತಿಯ ತಪ್ಪೇನೂ ಇಲ್ಲ. ಕಾರ್ಖಾನೆಯಲ್ಲಿ ಮಾಡಿದ ಅಮೆರಿಕನ್ ಡೈಮಂಡನ್ನೇ ನಮ್ಮ ಜನ ಜಿರ್ಕಾನ್ ಎಂದು ಕರೆದು ರೂಢಿ ಮಾಡಿಬಿಟ್ಟಿದ್ದಾರೆ. ನಿಜವಾದ ಜಿರ್ಕಾನ್ ನೆಲದಲ್ಲಿ ಹುಟ್ಟಿದ ಕಲ್ಲು. ಲೂಪು ಎಂಬ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ಸ್ವಲ್ಪ ಓರೆಯಾಗಿ ಕಲ್ಲಿನೊಳಗೆ ನೋಡಿದರೆ ಹಿಂಬದಿಯ ಒಂದೊಂದು ಗೆರೆಯೂ ಎರಡೆರಡಾಗಿ ಕಾಣುತ್ತದೆ. ಅಮೆರಿಕನ್ ಡೈಮಂಡಿನಲ್ಲಿ ಅದು ಕಾಣುವುದಿಲ್ಲ. ಗಾತ್ರಕ್ಕೆ ಮೀರಿದ ಭಾರ ಬೇರೆ. ನೀಲಿ ಬಣ್ಣ ಮಾತ್ರ ಮನುಷ್ಯರ ಕೆಲಸ. ನೆಲದಿಂದ ಬರುವಾಗ ಅವು ಹೆಚ್ಚಾಗಿ ಕಂದು; ಇದ್ದಿಲಿನ ನಡುವೆ ಇಟ್ಟು ಕಾಯಿಸಿದಾಗ ಕೆಲವು ನೀಲಿಗೆ ತಿರುಗುತ್ತವೆ. ಮೇಡಂ ತಂದದ್ದು ಅಂಥ ನೀಲಿ, ಬೆಳಗಿನ ಹತ್ತು ಗಂಟೆಯ ಕಡಲಿನ ನೀಲಿ. ಒಂದನ್ನು ಕೊಂಡು, ಅದಕ್ಕೆ ಜೋಡಿ ಸಿಗಲು ಅವರು ಹನ್ನೊಂದು ವರ್ಷ ಕಾದಿದ್ದರಂತೆ.

ಅವರ ಯಜಮಾನರಿಗೆ ಎಪ್ಪತ್ತು ತುಂಬುತ್ತಿತ್ತು. ಭೀಮರಥ ಶಾಂತಿಯ ದಿನ ಅವರ ಪಕ್ಕದಲ್ಲಿ ಕೂರುವಾಗ ಅತ್ತೆಯ ವಜ್ರದೋಲೆ ಬಿಟ್ಟು ಈ ನೀಲಿ ಓಲೆ ಹಾಕಿಕೊಳ್ಳಬೇಕೆಂಬುದು ಮೇಡಂ ಆಸೆ. ಕಲ್ಲಿನ ಹಿಂಬದಿ ತೆರೆದಿರಬೇಕು, ಬೆಳಕು ಆಡಬೇಕು. ಹಿಂದಿನ ಚಿನ್ನದ ಪಟ್ಟಿಯ ಮೇಲೆ ಹಸಿರು ಮೀನಾ ಬಣ್ಣ ತುಂಬಿದ ಒಂದೊಂದು ಬಿಲ್ವದೆಲೆ.

"ಹಿಂದ ಯಾಕ್ರಿ ಮೇಡಂ? ಅಲ್ಲಿ ಯಾರಿಗೆ ಕಾಣತೈತಿ?"

"ಶಿವನಿಗೆ ಕಾಣತ್ತೆ ಬಿಡು."

ಶಾಂತಿಗೆ ಇನ್ನೂ ಮೂರೂವರೆ ವಾರ ಇತ್ತು. ಕಲ್ಲುಗಳನ್ನು ತೂಗಿದೆ. ಒಂದು 2.871 ಕ್ಯಾರೆಟ್, ಇನ್ನೊಂದು 2.843. ಎರಡನ್ನೂ ಚೀಟಿಯಲ್ಲಿ ಬರೆದು ಮೇಡಂ ಕೈಯಲ್ಲಿ ಸಹಿ ಹಾಕಿಸಿದೆ. ಕಲ್ಲಿನೊಳಗೆ ಒಂದು ಚುಕ್ಕಿಯೋ ಎಳೆಯೋ ಇದ್ದರೆ ಅದರ ಫೋಟೋ ತೆಗೆದಿಡುತ್ತೇನೆ. ಮನುಷ್ಯರಿಗೆ ಮಚ್ಚೆ ಇದ್ದ ಹಾಗೆ ಅದೇ ಕಲ್ಲಿನ ಗುರುತು. ಇವುಗಳಲ್ಲಿ ಏನೂ ಇರಲಿಲ್ಲ, ಎರಡೂ ನೀರಿನಷ್ಟು ತಿಳಿ. ಅವತ್ತು ಅದನ್ನು ನೋಡಿ ಖುಷಿಪಟ್ಟೆ.

ವಿನ್ಯಾಸ ಬರೆಯುವುದು, ಕಲ್ಲು ಪರೀಕ್ಷಿಸುವುದು, ಮೀನಾ ತುಂಬುವುದು ನನ್ನ ಕೆಲಸ. ಕಲ್ಲು ಕಟ್ಟುವುದು ಪಲ್ಲಾವರಂನ ಆಚಾರಿಯವರ ಕೆಲಸ. ಹದಿನೆಂಟು ವರ್ಷದಿಂದ ನನ್ನ ಪ್ರತಿಯೊಂದು ಕಲ್ಲನ್ನೂ ಕಟ್ಟಿದವರು ಅವರೇ. ಅವರೂ ಅವರ ತಮ್ಮನೂ ಒಂದೇ ಕೋಣೆಯಲ್ಲಿ ಅಕ್ಕಪಕ್ಕದ ಮಣೆಗಳ ಮೇಲೆ ಕೂತು ಕೆಲಸ ಮಾಡುತ್ತಾರೆ. ತಮ್ಮನಿಗೂ ನಲವತ್ತು ದಾಟಿದೆ. ಕೈ ಅಣ್ಣನಷ್ಟೇ ಚುರುಕು, ಮಾತು ಅಣ್ಣನಿಗಿಂತ ಕಡಿಮೆ. ಜಿರ್ಕಾನ್ ಎಂದರೆ ಬೇರೆ ಕಟ್ಟುವವರು ಕೈ ಮುಗಿಯುತ್ತಾರೆ, ಒಂದು ಕೂದಲೆಳೆ ಹೆಚ್ಚು ಒತ್ತಿದರೆ ಅಂಚು ಹಾರಿಹೋಗುತ್ತದೆ. ಆಚಾರಿ ಎಂದೂ ಹಾರಿಸಿದವರಲ್ಲ.

ನಮ್ಮಿಬ್ಬರ ನಡುವೆ ಒಂದು ನಡವಳಿಕೆ ಇತ್ತು. ಕೆಲಸ ಮುಗಿಸಿ ಅವರು ಕಾಗದದ ಪೊಟ್ಟಣ ತಂದು ನನ್ನ ಮೇಜಿನ ಮೇಲೆ ಇಡುತ್ತಾರೆ. ನಾನು ಅದನ್ನು ಬಿಚ್ಚದೆ ಡ್ರಾಯರಿನಲ್ಲಿ ಹಾಕುತ್ತೇನೆ. ನೀರು ಕುಡಿದು, ಮಾತಾಡಿ ಹೋಗುತ್ತಾರೆ. ಎದುರಿಗೇ ಬಿಚ್ಚಿ ಲೂಪು ಹಿಡಿಯುವುದೆಂದರೆ ಅವರನ್ನು ಹೊಸಿಲ ಹೊರಗೆ ನಿಲ್ಲಿಸಿದ ಹಾಗೆ. ಈ ಸಲವೂ ಶುಕ್ರವಾರ ಪೊಟ್ಟಣ ಬಂತು, ಡ್ರಾಯರಿಗೆ ಹೋಯಿತು.

ಶನಿವಾರ ಬಿಲ್ವದೆಲೆಗೆ ಕೈ ಹಾಕಿದೆ. ಬೆಂಕಿಯಲ್ಲಿ ಸುಡುವ ಹಳೆಯ ಮೀನಾವನ್ನು ಕಲ್ಲು ಕಟ್ಟಿದ ಮೇಲೆ ಮಾಡಲಾಗುವುದಿಲ್ಲ. ಅದಕ್ಕೆಂದೇ ಈಗ ಅಂಟಿನಂಥ ಬಣ್ಣ ಬಂದಿದೆ. ಸಣ್ಣ ಕುಂಚದಲ್ಲಿ ತುಂಬಿ ಯುವಿ ದೀಪದ ಡಬ್ಬಿಯೊಳಗೆ ಇಟ್ಟರೆ ಆ ನೇರಳೆ ಬೆಳಕಿಗೆ ಮೂರು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ವಜ್ರ, ಮಾಣಿಕ್ಯ ಕಟ್ಟಿದ ಒಡವೆಗಳನ್ನು ಆ ಡಬ್ಬಿಯಲ್ಲಿ ಎಷ್ಟೋ ಸಲ ಇಟ್ಟಿದ್ದೇನೆ, ಏನೂ ಆಗಿಲ್ಲ. ಎರಡೂ ಓಲೆಗಳನ್ನು ಮುಖ ಕೆಳಗೆ ಮಾಡಿ ಮೆತ್ತನೆಯ ಮೇಣದ ಮೇಲೆ ಕೂರಿಸಿದೆ. ಪೊಟ್ಟಣ ಬಿಚ್ಚಿದ ಗಳಿಗೆಯಿಂದ ನನ್ನ ಕಣ್ಣು ಹಿಂಬದಿಯ ಆ ಪುಟ್ಟ ಎಲೆಯ ಮೇಲೇ ಇತ್ತು. ಕಲ್ಲಿನ ಮುಖ ನೋಡಲೇ ಇಲ್ಲ.

ಮೊದಲ ಓಲೆ ಮೂರು ನಿಮಿಷದಲ್ಲಿ ಮುಗಿಯಿತು. ಎರಡನೆಯದು ಹಟ ಹಿಡಿಯಿತು. ಬಣ್ಣ ಕಲಸುವಾಗ ಏನೋ ಹೆಚ್ಚುಕಡಿಮೆ ಆಗಿರಬೇಕು, ಮೂರು ನಿಮಿಷ ಇಟ್ಟು ತೆಗೆದರೂ ಬೆರಳಿಗೆ ಅಂಟುತ್ತಿತ್ತು. ಇನ್ನೂ ಮೂರು, ಮತ್ತೆ ಹತ್ತು. ಕೊನೆಗೆ ರೇಗಿ, ಬೇಯುವಷ್ಟು ಬೇಯಲಿ ಎಂದು ಡಬ್ಬಿಯ ದೀಪ ಹಾಕಿಯೇ ಬಿಟ್ಟು ಊಟಕ್ಕೆ ಎದ್ದೆ. ಊಟವಾದ ಮೇಲೆ ತಂಗಿಯ ಫೋನು ಬಂತು. ನೆನಪಾಗಿ ಬಂದು ನೋಡಿದಾಗ ನಾಲ್ಕು ಗಂಟೆ. ಎಲೆ ಗಟ್ಟಿಯಾಗಿತ್ತು. ಮೇಣದ ಸಮೇತ ಎರಡನ್ನೂ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

ಸೋಮವಾರ ಬೆಳಿಗ್ಗೆ ಕಿಟಕಿಯ ಹತ್ತಿರ ಬಿಳಿ ಕಾಗದ ಹಾಸಿ, ಓಲೆಗಳನ್ನು ಮೇಣದಿಂದ ಬಿಡಿಸಿ ಮುಖ ಮೇಲೆ ಮಾಡಿಟ್ಟೆ.

ಒಂದು ನೀಲಿ ಇತ್ತು. ಇನ್ನೊಂದು ಬಸಿದಿಟ್ಟು ಮರೆತ ಚಹಾದ ಬಣ್ಣದ್ದು, ಅಂಚಿನಲ್ಲಿ ಕೊಳಕು ಹಸಿರು.

ಕಣ್ಣು ಉಜ್ಜಿಕೊಂಡು ಇನ್ನೊಂದು ಕಿಟಕಿಗೆ ಹೋದೆ. ಅಲ್ಲೂ ಹಾಗೇ. ಲೂಪಿನಲ್ಲಿ ಗೆರೆಗಳು ಎರಡೆರಡಾಗಿ ಕಂಡವು, ಅಂದರೆ ಜಿರ್ಕಾನೇ. ಆದರೆ ನಮ್ಮ ಜಿರ್ಕಾನ್ ಅಲ್ಲ. ಕೆಲವು ನೀಲಿ ಜಿರ್ಕಾನ್‌ಗಳು ಬಿಸಿಲಿನಲ್ಲಿ ವರ್ಷಗಟ್ಟಲೆ ಇದ್ದರೆ ಸ್ವಲ್ಪ ಮಂಕಾಗುತ್ತವೆ ಎಂದು ಓದಿದ್ದೆ. ಎರಡು ದಿನದಲ್ಲಿ, ಬೀಗ ಹಾಕಿದ ಡ್ರಾಯರಿನಲ್ಲಿ, ಜೋಡಿಯಲ್ಲಿ ಒಂದು ಮಾತ್ರ ಹೀಗಾಗುತ್ತದೆಂದು ಯಾರೂ ಹೇಳಿರಲಿಲ್ಲ. ಉಳಿದದ್ದು ಒಂದೇ ದಾರಿ. ಯಾರೋ ನೀಲಿಯನ್ನು ತೆಗೆದು, ಅದೇ ಅಳತೆಯ ಅಗ್ಗದ ಕಂದು ಕಲ್ಲು ಕಟ್ಟಿದ್ದಾರೆ.

ಅದೇ ಅಳತೆಯ, ಅದೇ ಕಡಿತದ ಕಂದು ಕಲ್ಲು ಪಲ್ಲಾವರಂನ ಒಂದು ಕೋಣೆಯಲ್ಲಿ ರಾತ್ರೋರಾತ್ರಿ ಎಲ್ಲಿಂದ ಬರಬೇಕು ಎಂದು ನಾನು ಕೇಳಿಕೊಳ್ಳಲಿಲ್ಲ. ಕೋಪಕ್ಕೆ ಲೆಕ್ಕ ಬರುವುದಿಲ್ಲ. ಆಚಾರಿಗೆ ಫೋನು ಮಾಡಿ ಬನ್ನಿ ಎಂದೆ, ಯಾಕೆಂದು ಹೇಳಲಿಲ್ಲ. ಎರಡು ರೈಲು ಬದಲಾಯಿಸಿ, ಬೆವರೊರೆಸಿಕೊಳ್ಳುತ್ತಾ ಹನ್ನೆರಡಕ್ಕೆ ಬಂದರು. ನಾವು ಮಾತಾಡುವುದು ತಮಿಳಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದು ನಾನು ಕೊಟ್ಟ ಕಲ್ಲಲ್ಲ ಆಚಾರಿ."

ಅವರು ಲೂಪು ತೆಗೆದುಕೊಂಡು ಬಹಳ ಹೊತ್ತು ನೋಡಿದರು. ನಾನು ಕಾದಿದ್ದು ಜಗಳಕ್ಕೆ. ಅವರು ನಿಧಾನವಾಗಿ ತಲೆಯಾಡಿಸಿದರು.

"ಹೌದಮ್ಮಾ. ನಾನು ಕಟ್ಟಿದ್ದು ಎರಡೂ ನೀಲಿ. ಗುರುವಾರ ಸಾಯಂಕಾಲ ಮುಗಿಸಿ ನೋಡಿದಾಗಲೂ ನೀಲಿ."

"ಶುಕ್ರವಾರ ನೀವು ತಂದಿಟ್ರಿ, ನಾನು ಬೀಗ ಹಾಕಿದೆ. ನಡುವೆ ಯಾರಿದ್ದಾರೆ?"

ಅವರು ಲೂಪನ್ನು ಕೆಳಗಿಟ್ಟರು.

"ನನ್ನ ಕೈಗೆ ಬಂದಾಗ ಇದು ಹೀಗಿತ್ತು. ಬದಲಾಯಿಸಿದ್ದು ಯಾರು ಅಂತ ನೀವೇ ಹೇಳಬೇಕು."

ಬಂದಾಗ ಹೀಗಿತ್ತು ಎಂದು ನನಗೇನು ಗೊತ್ತಿತ್ತು? ನಾನು ನೋಡೇ ಇರಲಿಲ್ಲ. ಆದರೂ ಅಷ್ಟು ಗಟ್ಟಿಯಾಗಿ ಹೇಳಿದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುವ ಗಾದೆಯನ್ನು ಮುತ್ತು ಮಾರುವ ನಾನೇ ಗಿರಾಕಿಗಳಿಗೆ ನಗುನಗುತ್ತಾ ಹೇಳಿದ್ದುಂಟು. ಆಚಾರಿ ಓಲೆಯನ್ನು ಕಾಗದದ ಮೇಲಿಟ್ಟು ಎದ್ದರು.

"ವಿಚಾರಿಸಿ ಹೇಳ್ತೀನಮ್ಮಾ" ಎಂದರು.

ಇಟ್ಟ ನೀರನ್ನು ಕುಡಿಯಲಿಲ್ಲ. ವಿಚಾರಿಸುವುದೇನಂತೆ, ಇದು ಕಳ್ಳರು ಹೇಳುವ ವಾಯಿದೆ ಎಂದು ನಾನು ಬಾಗಿಲು ಹಾಕಿಕೊಂಡೆ. ಹಾಕಿಕೊಂಡು ಅತ್ತೆ. ಕಲ್ಲಿಗೋ, ಆಚಾರಿಗೋ ಎಂದು ಕೇಳಿದರೆ ಅವತ್ತು ಹೇಳಲಾಗುತ್ತಿರಲಿಲ್ಲ.

ಶಾಂತಿಗೆ ಉಳಿದದ್ದು ಒಂಬತ್ತು ದಿನ. ಮಂಗಳವಾರ ಮತ್ತು ಬುಧವಾರ ಸೌಕಾರ್‌ಪೇಟೆಯ ಕಲ್ಲು ವ್ಯಾಪಾರಿಗಳ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದೆ. ನೀಲಿ ಜಿರ್ಕಾನ್ ಎಂದ ಕೂಡಲೇ ಒಬ್ಬರು ಪಾವಿನಲ್ಲಿ ಅಳೆದು ಕೊಡುವಷ್ಟು ಅಮೆರಿಕನ್ ಡೈಮಂಡನ್ನು ತಟ್ಟೆಗೆ ಸುರಿದರು. ಇನ್ನೊಬ್ಬರು ನೀಲಿ ಟೋಪಾಜ್ ತೋರಿಸಿ, ಕಿವಿಯಲ್ಲಿದ್ದರೆ ಯಾರಿಗೆ ಗೊತ್ತಾಗುತ್ತೆ ಎಂದು ಕಣ್ಣು ಮಿಟುಕಿಸಿದರು. ಒಂದು ಕಡೆ ನಿಜವಾದ ನೀಲಿ ಜಿರ್ಕಾನ್ ಸಿಕ್ಕಿತು, ಆದರೆ ಅರ್ಧ ಗಾತ್ರದ್ದು. ಜೋಡಿ ಹೊಂದಿಸಬೇಕೆಂದರೆ ಆರು ತಿಂಗಳಾದರೂ ಬೇಕು ಎಂದರು ಆ ವ್ಯಾಪಾರಿ. ಹನ್ನೊಂದು ವರ್ಷ ಎಂದು ನಾನು ಅವರಿಗೆ ಹೇಳಲಿಲ್ಲ. ಮೇಡಂ ಫೋನು ಮಾಡಿದಾಗ, "ಪಾಲಿಶ್ ಒಂದು ಉಳಿದೈತ್ರಿ" ಎಂದು ಸುಳ್ಳು ಹೇಳಿದೆ. ಆಚಾರಿಯಿಂದ ಫೋನು ಬರಲಿಲ್ಲ.

ಗುರುವಾರ ತಡೆಯಲಾಗದೆ ವೇಲಚೇರಿಗೆ ಹೋದೆ. ಬಾಗಿಲು ತೆರೆದ ಮೊಮ್ಮಗಳು ನನ್ನ ಕನ್ನಡಕ್ಕೆ ತಮಿಳಿನಲ್ಲಿ ಉತ್ತರ ಕೊಟ್ಟು ಅಜ್ಜಿಯನ್ನು ಕರೆದಳು. ಓಲೆಗಳನ್ನು ಮೇಜಿನ ಮೇಲಿಟ್ಟೆ. ಮೇಡಂ ಕನ್ನಡಕ ಹಾಕಿಕೊಂಡು ನೋಡಿದರು. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ: ಪೊಟ್ಟಣ, ಡ್ರಾಯರು, ಆಚಾರಿ, ಅವರ ಮೇಲೆ ನಾನು ಹೊರಿಸಿದ್ದು.

"ತೂಕ ನೋಡಿದ್ಯಾ?"

"ಕಟ್ಟಿದ ಕಲ್ಲನ್ನ ಹೆಂಗ ತೂಗೂದ್ರಿ? ಬಿಚ್ಚಬೇಕು. ಬಿಚ್ಚಾಕ ಹೋದ್ರ ಜಿರ್ಕಾನ್ ಅಂಚು ಹಾರತೈತಿ."

"ಅಂದ್ರೆ ತೂಕ ನೋಡಿಲ್ಲ. ಬರೀ ಬಣ್ಣ ನೋಡಿ ಒಬ್ಬ ಮನುಷ್ಯನ್ನ ಕಳ್ಳ ಅಂದ್ಯಾ?"

ನಾನು ಓಲೆಗಳನ್ನು ಮತ್ತೆ ಪೊಟ್ಟಣಕ್ಕೆ ಹಾಕತೊಡಗಿದೆ.

"ಮೂವತ್ತು ವರ್ಷ ಲ್ಯಾಬಲ್ಲಿ ಹುಡುಗ್ರಿಗೆ ಬಡ್ಕೊಂಡಿದೀನಿ ಕಣಮ್ಮ, ಬಣ್ಣ ನೋಡಿ ಉತ್ತರ ಬರೀಬೇಡಿ ಅಂತ. ಚುಮ್ಮಾ ಹೇಳ್ತಿಲ್ಲ." ಅವರು ಕನ್ನಡಕ ತೆಗೆದಿಟ್ಟರು. "ನೀನಿಲ್ಲಿ ಇನ್ನೊಂದ್ ನಿಮಿಷ ಕೂತಿದ್ರೆ ನಾನು ಅತ್ತುಬಿಡ್ತೀನಿ. ಹನ್ನೊಂದು ವರ್ಷ! ಹೋಗು, ತೂಕ ಮಾಡ್ಕೊಂಡು ಬಾ. ಅಂಚು ಹೋದ್ರೆ ಹೋಗ್ಲಿ. ಆದ್ರೆ ನಂಗೆ ನಿಜ ಗೊತ್ತಾಗ್ಬೇಕು."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ಪ್ರಮಾಣಿಸುವ ಕಸುಬಿನವಳೇ, ತಕ್ಕಡಿ ಇಟ್ಟುಕೊಂಡು ಅನ್ನ ತಿನ್ನುವವಳು. ಇನ್ನು ಕಲ್ಲನ್ನು ಬಿಚ್ಚಬೇಕು. ಅಂಚು ಹಾರಿಸದೆ ಜಿರ್ಕಾನ್ ಬಿಚ್ಚಬಲ್ಲ ಕೈ ನನಗೆ ಗೊತ್ತಿದ್ದದ್ದು ಒಂದೇ, ಆ ಕೈಯನ್ನೇ ನಾನು ಕಳ್ಳನ ಕೈ ಎಂದಿದ್ದೆ. ಬೇರೆಯವರ ಹತ್ತಿರ ಹೋಗೋಣವೇ ಎಂದು ರೈಲಿನಲ್ಲಿ ಬರುವಷ್ಟು ಹೊತ್ತೂ ಯೋಚಿಸಿದೆ. ಒಬ್ಬರಿಗೆ ಫೋನನ್ನೂ ಮಾಡಿದೆ, ಅವರು ಆಗಬಹುದು ಎಂದರು. ಆದರೆ ತೂಕ ಬೇರೆ ಬಂದರೂ ಅದನ್ನು ಆಚಾರಿ ಕಣ್ಣಾರೆ ನೋಡಬೇಕು, ಒಂದೇ ಬಂದರೂ ಅವರೇ ನೋಡಬೇಕು ಅನ್ನಿಸಿತು. ಇದ್ದ ಧೈರ್ಯವೆಲ್ಲ ಅಷ್ಟಕ್ಕೇ ಖರ್ಚಾಯಿತು.

ಶುಕ್ರವಾರ ಬೆಳಿಗ್ಗೆ ಓಲೆ, ಚೀಟಿ ಮತ್ತು ನನ್ನ ಚಿಕ್ಕ ತಕ್ಕಡಿ ಹಿಡಿದು ಪಲ್ಲಾವರಂನಲ್ಲಿ ಇಳಿದೆ. ಅವತ್ತು ಅಲ್ಲಿ ಸಂತೆ. ಹಳೆಯ ಫ್ಯಾನು, ಗಿಡದ ಸಸಿ, ಮುರಿದ ರೇಡಿಯೊ, ಕೋಳಿಮರಿಗಳ ನಡುವೆ ತಕ್ಕಡಿಯನ್ನು ಎದೆಗವಚಿಕೊಂಡು ನುಗ್ಗಿದೆ. ಯಾರಾದರೂ ಮೈಗೆ ತಾಗಿದರೆ ಅಳು ಬರುವಂತಿತ್ತು.

ಆಚಾರಿ ಒಬ್ಬರೇ ಕೂತಿದ್ದರು. ಪಕ್ಕದ ಮಣೆ ಖಾಲಿ, ಅದರ ಮೇಲೆ ಸಲಕರಣೆಗಳೂ ಇರಲಿಲ್ಲ. ತಮ್ಮ ಎಲ್ಲೋ ಹೊರಗೆ ಹೋಗಿದ್ದಾರೆ ಎಂದುಕೊಂಡೆ.

"ಬಿಚ್ಚಿ ಕೊಡ್ತೀರಾ? ತೂಕ ನೋಡಬೇಕು" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ಓಲೆ ತೆಗೆದುಕೊಂಡು, ಅರಗಿನ ಕೋಲನ್ನು ಮೆತ್ತಗೆ ಮಾಡಿ ಅದರಲ್ಲಿ ಓಲೆಯನ್ನು ಊರಿದರು. ತಲೆಯ ಮೇಲಿನ ದೀಪವನ್ನು ಕಲ್ಲಿನ ಹತ್ತಿರಕ್ಕೆ ಎಳೆದುಕೊಂಡರು. ಅದು ಹಳೆಯ ಕಾಲದ ಹಳದಿ ಬಲ್ಬು. ಬಿಳಿ ದೀಪ ಕಣ್ಣಿಗೆ ಚುಚ್ಚುತ್ತದೆಂದು ಅವರು ಇವುಗಳನ್ನು ಸಂತೆಯಲ್ಲಿ ಹುಡುಕಿ ಕೊಳ್ಳುತ್ತಾರೆ. ಕೋಣೆಯೆಲ್ಲ ಅದರ ಧಗೆ.

ಕಲ್ಲನ್ನು ಹಿಡಿದುಕೊಂಡಿದ್ದು ಚಿನ್ನದ ನಾಲ್ಕು ಕಡ್ಡಿಗಳು. ಒಂದೊಂದನ್ನೂ ಕೂದಲೆಳೆಯಷ್ಟು ಎತ್ತುವುದು, ಬಿಡುವುದು, ಎದುರಿನದಕ್ಕೆ ಹೋಗುವುದು, ಮತ್ತೆ ಮೊದಲನೆಯದಕ್ಕೆ ಬರುವುದು. ಒಂದೇ ಕಡೆ ಒತ್ತಡ ಬೀಳಬಾರದು. ನಾನು ನೋಡುತ್ತಿದ್ದೆ. ಹೊರಗೆ ಸಂತೆಯ ಮೈಕು ಒದರುತ್ತಿತ್ತು. ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಕೊನೆಗೆ ಅವರು ಓಲೆಯನ್ನು ಬೋರಲು ಮಾಡಿ ಅಂಗೈಗೆ ತಟ್ಟಿದರು, ಕಲ್ಲು ಬಂತು. ಅಂಚು ಹಾರಿರಲಿಲ್ಲ.

ತಕ್ಕಡಿಯ ಮೇಲೆ ಅವರೇ ಇಟ್ಟರು. ಅಂಕಿಗಳು ಓಡಾಡಿ ನಿಂತವು. 2.843.

ಚೀಟಿ ತೆಗೆದು ನೋಡುವ ಅಗತ್ಯವೇ ಇರಲಿಲ್ಲ, ಐದು ದಿನದಿಂದ ಆ ಎರಡು ಅಂಕಿಗಳನ್ನು ಜಪ ಮಾಡಿದ್ದೆ. ಆದರೂ ತೆಗೆದು ಅವರ ಮುಂದೆ ಹಿಡಿದೆ. ಎರಡನೇ ಸಲ ತೂಗಿದರು, ಮೂರನೇ ಸಲ ತೂಗಿದರು. ಅದೇ. ಕ್ಯಾರೆಟ್ಟಿನ ಸಾವಿರದಲ್ಲೊಂದು ಪಾಲೂ ಆಚೀಚೆ ಆಗದೆ ಯಾವ ಎರಡು ಕಲ್ಲೂ ಕಾಕತಾಳೀಯವಾಗಿ ಸಿಗುವುದಿಲ್ಲ. ಅದು ಅದೇ ಕಲ್ಲು.

ನಾನು ನೆಲದ ಮೇಲೆ ಕೂತುಬಿಟ್ಟೆ. ಏನು ಮಾತಾಡಿದೆನೋ ಎಲ್ಲ ಈಗ ನೆನಪಿಲ್ಲ. ತಪ್ಪಾಯಿತು ಎಂದು ಹತ್ತು ಸಲ ಹೇಳಿರಬೇಕು. ಆಚಾರಿ ಕೇಳಿಸಿಕೊಂಡರೋ ಇಲ್ಲವೋ, ಕಲ್ಲನ್ನು ಚಿಮಟದಲ್ಲಿ ಹಿಡಿದು ಬಲ್ಬಿನ ಕೆಳಗೆ ತಿರುಗಿಸುತ್ತಿದ್ದರು.

"ಇಲ್ಲಿ ನೋಡಿ ಅಮ್ಮಾ. ನೀವು ಬಂದಾಗ ಇದು ಈ ಬಣ್ಣ ಇರಲಿಲ್ಲ."

ಎದ್ದು ನೋಡಿದೆ. ಕಂದು ಹೋಗಿ ಬೂದಿ ಬಣ್ಣಕ್ಕೆ ಬಂದಿತ್ತು. ಬೂದಿಯೊಳಗೆ ಎಲ್ಲೋ ಒಂದು ಕಡೆ ನೀಲಿ ಕದಡಿತ್ತು. ಬಿಳಿ ಕಾಗದದ ಮೇಲೆ ಇನ್ನೊಂದು ಓಲೆಯ ಪಕ್ಕದಲ್ಲಿಟ್ಟು ನೋಡಿದೆವು. ನನ್ನ ಕಣ್ಣಿನ ಆಸೆಯಲ್ಲ, ನಿಜವಾಗಿಯೂ ತಿರುಗುತ್ತಿತ್ತು.

"ಇದಕ್ಕೇನು ಮಾಡಿದ್ರಿ?" ಎಂದು ಕೇಳಿದರು. ದೂರು ಇರಲಿಲ್ಲ ಆ ದನಿಯಲ್ಲಿ, ಕಸುಬಿನವರು ಕಸುಬಿನವರನ್ನು ಕೇಳಿದ ಹಾಗಿತ್ತು. ಎರಡು ಓಲೆಗೆ ನಾನು ಮಾಡಿದ್ದರಲ್ಲಿ ವ್ಯತ್ಯಾಸ ಎಲ್ಲಿದೆ ಎಂದು ಬೆರಳು ಮಡಿಚಿ ಲೆಕ್ಕ ಹಾಕಿದೆ. ಮೇಣ ಎರಡಕ್ಕೂ, ಬಣ್ಣ ಎರಡಕ್ಕೂ, ಡ್ರಾಯರು ಎರಡಕ್ಕೂ. ಯುವಿ ಡಬ್ಬಿ ಒಂದಕ್ಕೆ ಮೂರು ನಿಮಿಷ, ಇನ್ನೊಂದಕ್ಕೆ ಮಧ್ಯಾಹ್ನವೆಲ್ಲ. ಹಿಂಬದಿ ತೆರೆದ ಕಲ್ಲು, ಮೇಲಿನಿಂದ ಸುರಿದ ನೇರಳೆ ಬೆಳಕು. ಕಾಯಿಸಿ ಬರಿಸಿದ ನೀಲಿ ಆ ಬೆಳಕಿಗೆ ಓಡಿಹೋಗಿತ್ತು. ಈಗ ಈ ಹಳದಿ ಬೆಳಕಿಗೆ ಮರಳುತ್ತಿತ್ತು. ಕಲ್ಲು ಕೆಡಿಸಿದ್ದು ನಾನು. ವಾರವೆಲ್ಲ ಇನ್ನೊಬ್ಬರ ಕೈ ಹುಡುಕಿದ್ದೂ ನಾನೇ.

ಕಲ್ಲನ್ನು ಮತ್ತೆ ಕಾಯಿಸುವವರ ಹತ್ತಿರ ಕೊಟ್ಟರೆ ಪೂರ್ತಿ ನೀಲಿಯಾಗುತ್ತದೋ ಏನೋ ಎಂದೆ. ಬಿರುಕು ಬಿಟ್ಟರೆ ಎಂದರು ಆಚಾರಿ. ಹಾಗೇ ಬಲ್ಬಿನ ಕೆಳಗೆ ಬಿಡೋಣ, ಕಾಯೋಣ ಎಂದರು. ಇಬ್ಬರೂ ಆಚೆ ಈಚೆ ಕೂತು ಕಾದೆವು. ಮೂರು ಗಂಟೆಯ ಹೊತ್ತಿಗೆ ಎರಡು ಕಲ್ಲುಗಳಲ್ಲಿ ಯಾವುದು ಯಾವುದೆಂದು ನನಗೇ ಗೊತ್ತಾಗಲಿಲ್ಲ. ಆಚಾರಿ ಅದನ್ನು ಮತ್ತೆ ಕಟ್ಟಿದರು, ಅಂಚಿಗೆ ಒಂದು ಗೀರೂ ಬೀಳಲಿಲ್ಲ.

ಓಲೆಯ ಕಥೆ ಅಲ್ಲಿಗೆ ಮುಗಿಯಿತು. ಮೇಡಂ ಮುಂದಿನ ಬುಧವಾರ ಅವನ್ನು ಹಾಕಿಕೊಂಡೇ ಯಜಮಾನರ ಪಕ್ಕದಲ್ಲಿ ಕೂತರು, ಎರಡೂ ನೀಲಿ. ನಡೆದದ್ದನ್ನೆಲ್ಲ ಹೇಳಿದಾಗ ನನ್ನನ್ನು ಬೈದು, ಆಮೇಲೆ ಊಟಕ್ಕೆ ಕೂರಿಸಿದರು. ನಾನು ಇಷ್ಟೆಲ್ಲ ಬರೆದದ್ದು ಅದಕ್ಕಲ್ಲ. ಶುಕ್ರವಾರ ಪಲ್ಲಾವರಂನಿಂದ ಹೊರಡುವ ಮುಂಚೆ ನಡೆದ ಮಾತಿಗಾಗಿ.

ಓಲೆ ಕೈಗೆ ಬಂದ ಮೇಲೆ ನನಗೆ ಜೀವ ಬಂದಿತ್ತು. ತಪ್ಪು ಒಪ್ಪಿಕೊಂಡಾಯಿತು, ತೂಕ ಒಂದೇ ಬಂತು, ಕಲ್ಲೂ ಉಳಿಯಿತು ಎಂದು ಹಗುರಾಗಿದ್ದೆ ಕೂಡ.

"ನಿಮ್ಮ ತಮ್ಮ ಎಲ್ಲಿ? ಅವರಿಗೂ ಈ ಚಮತ್ಕಾರ ತೋರಿಸಬೇಕಿತ್ತು" ಎಂದೆ.

"ಊರಿಗೆ ಹೋದ."

"ಯಾವಾಗ ಬರ್ತಾರೆ?"

ಆಚಾರಿ ಅರಗಿನ ಕೋಲನ್ನು ಒರೆಸುತ್ತಿದ್ದರು. ಒರೆಸಿ ಮುಗಿಸಿದರು.

"ಸಲಕರಣೆ ಎಲ್ಲ ತಗೊಂಡು ಹೋಗಿದಾನಮ್ಮಾ. ಸೋಮವಾರ ನೀವು ಕೇಳಿದ್ರಲ್ಲ, ನಡುವೆ ಯಾರಿದ್ದಾರೆ ಅಂತ. ಗುರುವಾರ ರಾತ್ರಿ ಓಲೆ ಇದೇ ಮೇಜಿನ ಖಾನೆಯಲ್ಲಿತ್ತು. ಬೀಗದಕೈ ಇರೋದು ನನ್ನ ಹತ್ರ, ಅವನ ಹತ್ರ. ಮನೆಗೆ ಬಂದು, ಕಲ್ಲು ನೀನು ತೆಗೆದ್ಯಾ ಅಂತ ಅವನನ್ನ ಕೇಳಿದೆ."

ನಾನು ಪಕ್ಕದ ಖಾಲಿ ಮಣೆಯ ಕಡೆ ನೋಡಿದೆ.

"ಇಪ್ಪತ್ತಾರು ವರ್ಷ ಇದೇ ದೀಪದ ಕೆಳಗೆ ಕೂತವನು. 'ಅಣ್ಣಾ, ಇದನ್ನ ನೀನು ನನ್ನ ಕೇಳ್ತಿದೀಯಾ?' ಅಂದ. ಇಲ್ಲ ಅಂದಿದ್ದರೆ ಮುಗೀತಿತ್ತು. ನಾನು ಅನ್ನಲಿಲ್ಲ. ಕೈಗೆ ಬಂದಾಗಲೇ ಕಲ್ಲು ಹಾಗಿತ್ತು ಅಂತ ನೀವು ಹೇಳಿದ್ರಲ್ಲ. 'ಅಮ್ಮ ಸುಳ್ಳು ಹೇಳೋರಲ್ಲ ಕಣೋ' ಅಂದೆ."

ಸಂತೆಯ ಮೈಕು ಇನ್ನೂ ಒದರುತ್ತಲೇ ಇತ್ತು. ಓಲೆಯ ಪೊಟ್ಟಣ ನನ್ನ ಅಂಗೈಯಲ್ಲಿ ಬೆವರಿಗೆ ಒದ್ದೆಯಾಗಿತ್ತು.

"ಅವರ ಊರಿಗೆ ನಾನು ಬರ್ತೀನಿ ಆಚಾರಿ. ಇವತ್ತೇ ಬರ್ತೀನಿ. ನಾನೇ ಹೇಳ್ತೀನಿ ಅವರಿಗೆ, ತೂಕ ಸರಿ ಬಂತು ಅಂತ."

ಅವರು ಕೈ ಚಾಚಿ ಬಲ್ಬು ಆರಿಸಿದರು.

"ತೂಕ ಸರಿ ಬರುತ್ತೆ ಅಂತ ಅವನಿಗೆ ಮೊದಲೇ ಗೊತ್ತಿತ್ತಮ್ಮಾ" ಎಂದರು. "ಗೊತ್ತಿಲ್ಲದೆ ಇದ್ದದ್ದು ನಮಗೆ."